ದಾಟಿದ ಮೇಲೆ ತಿಳಿದ ಪರ್ವತ

ಪರದೇಶದ ಬೆಟ್ಟವನ್ನೇರಿ ಬಂದವನು ತನ್ನ ವೃತ್ತಾಂತವನ್ನು ಬರೆದರೆ, ಶಿಖರವರ್ಣನೆಯೇ ಅದರ ಕಲಶವಾಗಿರಬೇಕೆಂದು ವಾಚಕರು ಬಯಸುವುದು ಸಹಜ. ಆಂಗ್ಲಕವಿ ವಿಲಿಯಂ ವರ್ಡ್ಸ್‌ವರ್ತನು ‘ಪ್ರೆಲ್ಯೂಡ್’ ಎಂಬ ತನ್ನ ಆತ್ಮಚರಿತ ಕಾವ್ಯದ ಆರನೆಯ ಸರ್ಗದಲ್ಲಿ ಈ ಬಯಕೆಯನ್ನು ಭಂಗಪಡಿಸಿ, ಆ ಭಂಗದಿಂದಲೇ ರಸವನ್ನು ಸಾಧಿಸಿದ್ದಾನೆ. ಆಲ್ಪ್ಸ್ ಪರ್ವತವನ್ನು ದಾಟಿದ ಒಂದು ದಿನದ ಆ ಪ್ರಸಂಗವು ಸಹೃದಯರ ಪರಾಮರ್ಶೆಗೆ ಯೋಗ್ಯವಾಗಿದೆ.

ಸಂದರ್ಭವು ಇಂತಿದೆ. 1790ನೆಯ ಇಸವಿಯಲ್ಲಿ, ಇಪ್ಪತ್ತು ವರ್ಷದ ಕೇಂಬ್ರಿಜ್ ವಿದ್ಯಾರ್ಥಿಯಾಗಿದ್ದ ಕವಿಯು ರಾಬರ್ಟ್ ಜೋನ್ಸ್ ಎಂಬ ಗೆಳೆಯನೊಡನೆ ಜುಲೈ 13ರಂದು ಫ್ರಾನ್ಸಿನ ಕ್ಯಾಲೆ ರೇವಿನಲ್ಲಿಳಿದನು. ಬಹುಭಾಗ ಕಾಲ್ನಡೆಯಿಂದಲೇ ಸಂಚರಿಸಿ, ಆಗಸ್ಟಿನಲ್ಲಿ ಇಬ್ಬರೂ ಸ್ವಿಟ್ಜರ್ಲೆಂಡಿನ ಸಿಂಪ್ಲನ್ ಘಾಟಿಯನ್ನೇರಿದರು. ನೆಪೋಲಿಯನ್ನನ ಹೆದ್ದಾರಿ ಇನ್ನೂ ಆಗಿರಲಿಲ್ಲ. ಹೇಸರಗತ್ತೆಗಳು ತುಳಿದ ಹಾದಿಯೇ ಗತಿಯಾಗಿತ್ತು. ಹೇಸರಗತ್ತೆಯವರೊಡನೆ ಬಿಡದಿಯೊಂದರಲ್ಲಿ ಊಟವಾಯಿತು. ಅವರು ಮುಂದೆ ಹೊರಟರು. ಹಿಂದುಳಿದ ಗೆಳೆಯರು ಹೊಳೆಯ ದಡಕ್ಕಿಳಿದು, ಆಚೆಯ ದಡದಿಂದ ಮೇಲಕ್ಕೇರುವ ಹಾದಿಯನ್ನು ಕಂಡು ಅದನ್ನೇ ಹಿಡಿದರು. ಎಷ್ಟು ಏರಿದರೂ ಸಂಗಡಿಗರ ಸುಳಿವಿಲ್ಲ. ಕಡೆಗೆ ಎದುರಾದ ರೈತನೊಬ್ಬನು, ಹಿಂದಿರುಗಿ ಹೊಳೆಗೇ ಇಳಿಯಬೇಕೆಂದೂ, ಅಲ್ಲಿಂದ ಮುಂದೆ ದಾರಿಯು ನೀರಿನೊಡನೆ ಇಳಿಜಾರಾಗಿಯೇ ಸಾಗುವುದೆಂದೂ ತಿಳಿಸಿದನು. ನಂಬದೆ ಮರಳಿ ಮರಳಿ ಕೇಳಿದರೂ ಉತ್ತರದ ಅರ್ಥ ಒಂದೇ: ಆಲ್ಪ್ಸನ್ನು ದಾಟಿ ಆಗಿಹೋಗಿತ್ತು!

ಇಲ್ಲಿ ಕವಿಯು ಕಥೆಯನ್ನು ತಟ್ಟನೆ ನಿಲ್ಲಿಸಿ ಕಲ್ಪನಾಶಕ್ತಿಯನ್ನು ಸಂಬೋಧಿಸುತ್ತಾನೆ. ಬಳಿಕ ಗೊಂಡೋ ಕಮರಿಯೊಳಗಣ ಇಳಿತವನ್ನು ವರ್ಣಿಸುತ್ತಾನೆ. ಭೋರ್ಗರೆವ ನೀರು, ದಾರಿಯಂಚಿನ ಬಂಡೆ, ಎದುರುಬದುರಾಗಿ ಬೀಸುವ ಗಾಳಿ, ಕತ್ತಲೆ, ಬೆಳಕು, ಇವೆಲ್ಲವೂ ಒಂದೇ ಚೈತನ್ಯದ ಮುಖಲಕ್ಷಣಗಳಾಗಿ ಅವನಿಗೆ ತೋರುತ್ತವೆ. ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ, ಮೊದಲು ಉತ್ಸಾಹ, ನಡುವೆ ವಿಷಾದ, ಕೊನೆಗೆ ಅದ್ಭುತ. ನಡುವಣ ವಿಷಾದವೇ ಈ ಪ್ರಸಂಗದ ಜೀವಾಳ. ಶಿಖರವನ್ನು ಕಾಣಬೇಕೆಂಬ ಹಂಬಲವು ಮುರಿದುಬಿದ್ದ ಮೇಲೆಯೇ ಮನಸ್ಸು ಹಗುರವಾಗಿ ಕಮರಿಯನ್ನು ಕಂಡಿತು. ಹಂಬಲವು ಇನ್ನೂ ಉಳಿದಿದ್ದರೆ ಕಮರಿಯು ಕೇವಲ ಹಾದಿಯಾಗುತ್ತಿತ್ತು.

ಇದಕ್ಕೊಂದು ಆಕ್ಷೇಪವುಂಟು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ತಂಗಿ ಡೊರೊತಿಗೆ ಬರೆದ ಕಾಗದದಲ್ಲಿ, ಆಲ್ಪ್ಸಿನ ನಡುವೆ ನಡೆದ ಮೂರು ಗಂಟೆಗಳ ನೆನಪು ಅಳಿಯದೆಂದು ಕವಿಯು ಹೇಳುವನೇ ಹೊರತು ಈ ನಿರಾಶೆಯ ಮಾತೇ ಇಲ್ಲ. ಕಾವ್ಯಭಾಗವು ರಚಿತವಾದುದು 1804ರಲ್ಲಿ. ಹಾಗಾದರೆ ಇದು ಕಟ್ಟುಕಥೆಯೇ? ಅಲ್ಲ. 1820ರಲ್ಲಿ ಕವಿಯು ಪತ್ನಿಯೊಡನೆಯೂ ತಂಗಿಯೊಡನೆಯೂ ಮರಳಿ ಅಲ್ಲಿಗೆ ಹೋದಾಗ ಆ ತಪ್ಪುಹಾದಿಯನ್ನು ಗುರುತಿಸಿದನೆಂಬುದು ಡೊರೊತಿಯ ಪ್ರವಾಸದ ದಿನಚರಿಯಲ್ಲಿದೆ. ಮೇಲಾಗಿ, ಆ ಶಕ್ತಿಯು ತನ್ನೆದುರು ಮೂಡಿದುದು ಹಾಡುವ ವೇಳೆಯಲ್ಲಿಯೇ ಎಂಬುದನ್ನು ಕವಿಯು ಮರೆಮಾಚಿಲ್ಲ. ಘಟನೆಯು ಇಪ್ಪತ್ತರ ಹರೆಯದ್ದು. ಅದರ ಅರ್ಥವು ಮೂವತ್ತನಾಲ್ಕರದು. ಇದು ಸುಳ್ಳಲ್ಲ, ಪರಿಪಾಕ.

ಆದರೂ ದೋಷವಿಲ್ಲದಿಲ್ಲ. ‘ಪ್ರೆಲ್ಯೂಡ್’ ಪ್ರಕಟವಾದುದು ಕವಿಯು ಗತಿಸಿದ ಬಳಿಕ, 1850ರಲ್ಲಿ. ಅದಕ್ಕೂ ಮುನ್ನ, 1845ರಲ್ಲಿ, ಕಮರಿಯ ಸಾಲುಗಳನ್ನಷ್ಟೇ ಬಿಡಿಕವಿತೆಯಾಗಿ ಅವನು ಹೊರತಂದನು. ಅಲ್ಲಿ ತಪ್ಪುಹಾದಿಯಿಲ್ಲ, ರೈತನಿಲ್ಲ, ವಿಷಾದವಿಲ್ಲ. ಮಾತುಗಳು ಭವ್ಯವೇ, ಆದರೆ ಬೇರು ಕಡಿದ ಹೂವಿನ ಭವ್ಯತೆ. ಇನ್ನೊಂದು ಕೊರತೆ ಆ ರೈತನದು. ಹಳ್ಳಿಯ ಬಡವರಿಗೆ ಕಾವ್ಯದಲ್ಲಿ ಗೌರವದ ಸ್ಥಾನವನ್ನಿತ್ತ ಈ ಕವಿಯೇ ಇಲ್ಲಿ ಅವನಿಗೆ ಮುಖವನ್ನು ಕೊಡಲಿಲ್ಲ. ದಾರಿಯನ್ನೂ ಸತ್ಯವನ್ನೂ ಒಟ್ಟಿಗೆ ತಿಳಿಸಿದವನು ಅವನು, ಉತ್ತರವಾದೊಡನೆ ಮರೆಯಾಗುತ್ತಾನೆ.

ಕನ್ನಡದಲ್ಲಿ ಪ್ರವಾಸಕಥನಗಳು ಹೇರಳವಾಗಿ ಬರುತ್ತಿರುವಾಗ ಈ ಪ್ರಸಂಗವು ಒಂದು ಒರೆಗಲ್ಲು. ಕಂಡ ಶಿಖರಗಳ ಎತ್ತರವನ್ನು ಎಣಿಸಿ, ಸೊಬಗು ವರ್ಣನಾತೀತವೆಂದು ಮುಗಿಸುವುದು ಸುಲಭ. ಕಾಣಹೋದುದು ಕಾಣದೆಹೋಯಿತೆಂದು ಒಪ್ಪಿಕೊಂಡು, ದಾರಿ ತೋರಿದವನ ಮುಖವನ್ನೂ ನೆನೆದು ಬರೆಯುವವನು ವಾಚಕನನ್ನು ನಿಜವಾಗಿ ತನ್ನ ಜೊತೆಯಲ್ಲಿ ನಡೆಸಿಕೊಂಡು ಹೋಗುತ್ತಾನೆ.