ದೊಡ್ಡರೋಗವನ್ನು ಗೆದ್ದದ್ದು ಲಸಿಕೆಯೊಂದೇ ಅಲ್ಲ

ರಿಂಡರ್‌ಪೆಸ್ಟ್ ಅಥವಾ ನಮ್ಮ ರೈತರ ಮಾತಿನ ದೊಡ್ಡರೋಗ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು 2011ರಲ್ಲಿ ಘೋಷಿಸಲಾಯಿತು. ಸಿಡುಬಿನ ನಂತರ ಮಾನವನು ಸಂಪೂರ್ಣವಾಗಿ ಅಳಿಸಿದ ಎರಡನೆಯ ವೈರಸ್ ರೋಗವಿದು. ಈ ಗೆಲುವನ್ನು ವಿವರಿಸುವ ಲೇಖನಗಳು ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯನ್ನು ಸ್ಮರಿಸುವುದು ನ್ಯಾಯವೇ. ಆದರೆ ಅವುಗಳಲ್ಲಿ ಹಲವು ಪ್ರಯೋಗಶಾಲೆಯ ಬಾಗಿಲಲ್ಲೇ ಕಥೆಯನ್ನು ಮುಗಿಸಿಬಿಡುತ್ತವೆ. ಇದು ಸರಿಯೇ?

ಸಂಸ್ಥೆ ಹುಟ್ಟಿದ್ದು 1889ರಲ್ಲಿ, ಪುಣೆಯಲ್ಲಿ, ಇಂಪೀರಿಯಲ್ ಬ್ಯಾಕ್ಟೀರಿಯಾಲಜಿಕಲ್ ಲ್ಯಾಬೊರೇಟರಿ ಎಂಬ ಹೆಸರಿನಿಂದ. ಅಪಾಯಕಾರಿ ರೋಗಾಣುಗಳೊಡನೆ ಕೆಲಸ ಮಾಡಲು ಜನವಸತಿಯಿಂದ ದೂರದ, ತಂಪಾದ ಸ್ಥಳ ಬೇಕಿತ್ತು. ಆದ್ದರಿಂದ 1893ರಲ್ಲಿ ಅದು ಕುಮಾವೂನ್ ಬೆಟ್ಟಗಳ ಮುಕ್ತೇಶ್ವರಕ್ಕೆ ಸ್ಥಳಾಂತರಗೊಂಡಿತು. 1913ರಲ್ಲಿ ಬರೇಲಿ ಸಮೀಪ ತೆರೆದ ಶಾಖೆಯೇ ಇಂದಿನ ಕೇಂದ್ರವಾದ ಇಜ್ಜತ್‌ನಗರ.

ಮುಕ್ತೇಶ್ವರದಲ್ಲಿ 1920ರ ದಶಕದಲ್ಲಿ ಜೆ.ಟಿ. ಎಡ್ವರ್ಡ್ಸ್ ದೊಡ್ಡರೋಗದ ವೈರಸ್ಸನ್ನು ಆಡಿನಿಂದ ಆಡಿಗೆ ನೂರಾರು ಬಾರಿ ದಾಟಿಸಿದರು. ದನಗಳ ಮಟ್ಟಿಗೆ ವೈರಸ್ಸಿನ ಉಗ್ರತೆ ತಗ್ಗಿತು. ರೋಗನಿರೋಧ ಹುಟ್ಟಿಸುವ ಗುಣ ಉಳಿಯಿತು. ನಾಡತಳಿಗಳಿಗೆ ಇದು ಉತ್ತಮ ಲಸಿಕೆಯಾಯಿತು. ಆದರೆ ವಿದೇಶೀ ತಳಿ ಹಾಗೂ ಮಿಶ್ರತಳಿಗಳಿಗೆ ಅದು ಇನ್ನೂ ಕಟುವಾಗಿತ್ತು.

ಇಲ್ಲೊಂದು ಪ್ರಶ್ನೆ ಏಳಬೇಕು. ಲಸಿಕೆ 1930ರ ದಶಕದಲ್ಲೇ ಬಳಕೆಯಲ್ಲಿತ್ತು. ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮ 1954ರಲ್ಲಿ ಆರಂಭವಾಯಿತು. ಭಾರತದಲ್ಲಿ ಕೊನೆಯ ಪ್ರಕರಣ ಕಂಡದ್ದು 1995ರಲ್ಲಿ. ಇಷ್ಟು ತಡವೇಕೆ?

ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಉತ್ತರ ಪರಿಚಿತವೇ: ಇದು ಸರಪಳಿ ಕ್ರಿಯೆ. ಒಂದು ರೋಗಿ ದನ ನಾಲ್ಕು ದನಗಳಿಗೆ ಸೋಂಕು ಹಚ್ಚುತ್ತದೆ ಎಂದಿಟ್ಟುಕೊಳ್ಳಿ. ನಾಲ್ಕರಲ್ಲಿ ಮೂರಕ್ಕಿಂತ ಹೆಚ್ಚು ದನಗಳಿಗೆ ರೋಗನಿರೋಧ ಶಕ್ತಿಯಿದ್ದರೆ ಮಾತ್ರ ಸರಪಳಿ ಕಡಿಯುತ್ತದೆ. ಈ ವರ್ಷ ಆ ಮಟ್ಟ ಮುಟ್ಟಿದರೂ ಮುಂದಿನ ವರ್ಷ ಹುಟ್ಟುವ ಕರುಗಳು ಅದನ್ನು ಇಳಿಸುತ್ತವೆ. ಸರಾಸರಿ ಎಷ್ಟೇ ಚೆನ್ನಾಗಿರಲಿ, ಲಸಿಕೆ ತಲುಪದ ನಾಲ್ಕಾರು ಹಳ್ಳಿಗಳು ಸಾಕು, ರೋಗ ಅಲ್ಲಿ ಉಳಿದುಕೊಳ್ಳುತ್ತದೆ.

ಕೆನ್ಯಾದಲ್ಲಿ ವಾಲ್ಟರ್ ಪ್ಲೌರೈಟ್ ರೂಪಿಸಿದ ಅಂಗಾಂಶ ಕೃಷಿ ಲಸಿಕೆ ಎಲ್ಲ ತಳಿಗಳಿಗೂ ಸುರಕ್ಷಿತವಾಗಿತ್ತು. ಅದರ ಜೊತೆಗೆ 1990ರ ದಶಕದಲ್ಲಿ ಹಳ್ಳಿಹಳ್ಳಿಗಳಲ್ಲಿ ರೋಗವನ್ನು ಹುಡುಕುವ ಕೆಲಸ ನಡೆಯಿತು. ಬಳಿಕ ಲಸಿಕೆ ಹಾಕುವುದನ್ನೇ ನಿಲ್ಲಿಸಬೇಕಾಯಿತು! ಏಕೆಂದರೆ ರಕ್ತದಲ್ಲಿರುವ ಪ್ರತಿಕಾಯ ಲಸಿಕೆಯದೋ ಸೋಂಕಿನದೋ ಎಂದು ಹೇಳಲಾಗುತ್ತಿರಲಿಲ್ಲ. ಲಸಿಕೆಯಿಲ್ಲದೆಯೂ ರೋಗ ಮರುಕಳಿಸದಿದ್ದಾಗಲೇ ಸಾಕ್ಷ್ಯ ಪೂರ್ಣ. 2006ರಲ್ಲಿ ಭಾರತಕ್ಕೆ ರೋಗಮುಕ್ತ ಮಾನ್ಯತೆ ದೊರೆಯಿತು.

ಇದೇ ಸಂಸ್ಥೆಯ ಬೆಂಗಳೂರಿನ ಹೆಬ್ಬಾಳ ಆವರಣ ಕಾಲುಬಾಯಿ ಜ್ವರದ ಲಸಿಕೆಗೆ ಹೆಸರಾದುದು. ಆ ರೋಗವೇಕೆ ಹೋಗಿಲ್ಲ? ದೊಡ್ಡರೋಗದ ವೈರಸ್ಸಿಗೆ ಒಂದೇ ಸೀರೋಮಾದರಿ. ಒಮ್ಮೆ ಬಂದ ರೋಗನಿರೋಧ ದೀರ್ಘಕಾಲ ಉಳಿಯುತ್ತಿತ್ತು. ಕಾಲುಬಾಯಿ ಜ್ವರಕ್ಕೆ ಏಳು ಸೀರೋಮಾದರಿಗಳು. ಲಸಿಕೆಯ ರಕ್ಷಣೆ ಕೆಲವೇ ತಿಂಗಳು. ವಿಜ್ಞಾನಿಗಳು ಸೋತರೆನ್ನುವ ಮುನ್ನ ನಾವು ಈ ವ್ಯತ್ಯಾಸವನ್ನು ತೂಗಿನೋಡಬೇಕು.

ಶಿಕ್ಷಕರೇ, ಎಡ್ವರ್ಡ್ಸ್ ಹೆಸರನ್ನು ಮಕ್ಕಳಿಗೆ ಖಂಡಿತ ಹೇಳಿ. ಜೊತೆಗೆ ಮಂಜುಗಡ್ಡೆಯ ಪೆಟ್ಟಿಗೆ ಹೊತ್ತು ಕೊಟ್ಟಿಗೆಯಿಂದ ಕೊಟ್ಟಿಗೆಗೆ ನಡೆದ ಹೆಸರಿಲ್ಲದ ಲಸಿಕೆಗಾರರನ್ನೂ ನೆನೆಯಿರಿ. ಅವರನ್ನು ಬಿಟ್ಟರೆ 1930ರಿಂದ 1995ರವರೆಗಿನ ಅಂತರಕ್ಕೆ ನಮ್ಮ ಪಾಠದಲ್ಲಿ ಉತ್ತರವೇ ಇರುವುದಿಲ್ಲ.