ಮಧುಮೇಹಜನ್ಯ ಅಕ್ಷಿಪಟಲರೋಗದ ಅಂಕಿಗಳು: ಒಂದು ಆಕರವಿಮರ್ಶೆ

ವೈದ್ಯಶಾಸ್ತ್ರದಲ್ಲಿ ತೀರ್ಪು ನೀಡುವ ಅಧಿಕಾರ ಇತಿಹಾಸದ ಅಧ್ಯಾಪಕರಾದ ನಮಗಿಲ್ಲ. ಆದರೆ ಶಾಸನವೊಂದು ದೊರೆತಾಗ ಅದನ್ನು ಯಾರು, ಎಂದು, ಯಾವ ಸಂದರ್ಭದಲ್ಲಿ ಬರೆಯಿಸಿದರೆಂದು ಮೊದಲು ಕೇಳುವುದು ನಮ್ಮ ಕಸುಬು. ಜನಸಮುದಾಯದಲ್ಲಿ ರೋಗವೊಂದು ಎಷ್ಟಿದೆಯೆಂಬ ಅಂಕಿಯೂ ಆಕರವೇ. ಅದಕ್ಕೂ ಈ ಪ್ರಶ್ನೆಗಳು ಸಲ್ಲುತ್ತವೆ.

ಮಧುಮೇಹವು ಅಕ್ಷಿಪಟಲದ ಸೂಕ್ಷ್ಮ ರಕ್ತನಾಳಗಳನ್ನು ಕೆಡಿಸುತ್ತದೆ. ಅವು ಸೋರಿದರೆ ದೃಷ್ಟಿಯ ಕೇಂದ್ರಭಾಗ ಬಾತುಕೊಳ್ಳುತ್ತದೆ. ಮುಚ್ಚಿಹೋದರೆ ದುರ್ಬಲವಾದ ಹೊಸ ನಾಳಗಳು ಹುಟ್ಟಿ, ಒಡೆದು ರಕ್ತ ಸುರಿಸುತ್ತವೆ. ದೃಷ್ಟಿಗೆ ಅಪಾಯ ತರುವ ಹಂತಗಳು ಇವೇ. ಆರಂಭದಲ್ಲಿ ಮಾತ್ರ ರೋಗಿಗೆ ಯಾವ ತೊಂದರೆಯೂ ತೋರದು. ಆದುದರಿಂದ ಆಸ್ಪತ್ರೆಗೆ ತಾವಾಗಿ ಬಂದವರ ಲೆಕ್ಕವನ್ನು ಊರಿನ ಲೆಕ್ಕವೆಂದು ಒಪ್ಪಲಾಗದು.

2005ರಲ್ಲಿ ಪ್ರಕಟವಾದ ಚೆನ್ನೈ ನಗರದ ಸಮೀಕ್ಷೆ ಈ ದೃಷ್ಟಿಯಿಂದ ಮೆಚ್ಚತಕ್ಕದ್ದು. ತಮಗೆ ಮಧುಮೇಹವಿದೆಯೆಂದು ಮೊದಲೇ ತಿಳಿದಿದ್ದವರ ಜೊತೆಗೆ, ಸಮೀಕ್ಷೆಯಲ್ಲಿ ಹೊಸದಾಗಿ ಪತ್ತೆಯಾದವರ ಅಕ್ಷಿಪಟಲದ ಛಾಯಾಚಿತ್ರಗಳನ್ನೂ ಅದು ಪರಿಶೀಲಿಸಿತು. ಮೊದಲಿನವರಲ್ಲಿ ಶೇಕಡ 20.8, ಹೊಸಬರಲ್ಲಿ ಶೇಕಡ 5.1, ಒಟ್ಟಿನಲ್ಲಿ ಶೇಕಡ 17.6 ಮಂದಿಗೆ ರೋಗವಿತ್ತು. ಊರು ಒಂದು, ಸಮೀಕ್ಷೆ ಒಂದು, ಅಂಕಿಗಳು ಮೂರು, ಮೂರೂ ನಿಜ. ವ್ಯತ್ಯಾಸವಿರುವುದು ಎಣಿಕೆಗೆ ಒಳಗಾದ ಜನರಲ್ಲಿ. ಆದರೆ ಇದು ನಗರದ ಲೆಕ್ಕ. ಹಳ್ಳಿಗಳಿಗೆ ಇದನ್ನು ಹಾಗೆಯೇ ಅನ್ವಯಿಸುವುದು ಸಲ್ಲದು.

ಭಾರತದ ಹತ್ತು ರಾಜ್ಯಗಳನ್ನೂ ಒಂದು ಕೇಂದ್ರಾಡಳಿತ ಪ್ರದೇಶವನ್ನೂ ಒಳಗೊಂಡು 2022ರಲ್ಲಿ ಪ್ರಕಟವಾದ ಅಧ್ಯಯನವು ನಲವತ್ತು ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ ಮಧುಮೇಹಿಗಳಲ್ಲಿ ಶೇಕಡ 12.5 ಮಂದಿಗೆ ಈ ರೋಗವನ್ನೂ, ಶೇಕಡ 4.0 ಮಂದಿಗೆ ದೃಷ್ಟಿಯ ಅಪಾಯವನ್ನೂ ಗುರುತಿಸಿತು. ಎಂದರೆ ಸಾವಿರ ಮಧುಮೇಹಿಗಳಲ್ಲಿ ನಲವತ್ತು ಮಂದಿ. ಸಾವಿರ ನಾಗರಿಕರಲ್ಲಿ ಅಲ್ಲ. ಈ ಎರಡನ್ನು ಬೆರಸುವುದು ಓದುಗರ ಮೊದಲ ತಪ್ಪು. 17.6ರಿಂದ 12.5ಕ್ಕೆ ರೋಗ ಇಳಿಯಿತೆಂದು ಕಥೆ ಹೆಣೆಯುವುದು ಎರಡನೆಯದು. ಚೆನ್ನೈಯ ಸಮೀಕ್ಷೆ ಇಪ್ಪತ್ತು ದಾಟಿದವರನ್ನೂ ಒಳಗೊಂಡಿತ್ತು. ಪ್ರದೇಶ ಬೇರೆ, ವಯಸ್ಸು ಬೇರೆ. ಎರಡು ಬೇರೆ ನಾಡುಗಳ ಶಾಸನಗಳನ್ನು ಒಂದೇ ವಂಶಾವಳಿಗೆ ಪೋಣಿಸಿದಂತೆ ಅದು.

ಇದು ಬರಿಯ ಪಾಂಡಿತ್ಯದ ವಾದವೆಂದು ತಿಳಿಯಬಾರದು. ಹೊಸ ನಾಳಗಳು ಹುಟ್ಟಿದ ಹಂತದಲ್ಲಿ ಲೇಸರ್ ಚಿಕಿತ್ಸೆ ತೀವ್ರವಾದ ದೃಷ್ಟಿನಾಶವನ್ನು ಅರ್ಧಕ್ಕೂ ಹೆಚ್ಚು ತಗ್ಗಿಸುತ್ತದೆಂದು ಅಮೆರಿಕದ ಅಧ್ಯಯನವೊಂದು 1976ರಲ್ಲಿಯೇ ತೋರಿಸಿತು. ಕಣ್ಣು ಉಳಿಸುವ ಉಪಾಯವಿದೆ. ಆದರೆ ಪರೀಕ್ಷೆಗೆ ಬಾರದವನಿಗೆ ಅದು ದಕ್ಕದು. ಆದಕಾರಣ ಶೇಕಡಾವಾರು ಅಂಕಿಯೊಂದು ಕೈಗೆ ಬಂದಾಗ, ಎಣಿಸಲ್ಪಟ್ಟವರು ಯಾರು ಎಂಬುದರೊಡನೆ, ಎಣಿಕೆಯಿಂದ ಹೊರಗುಳಿದವರು ಯಾರು ಎಂದೂ ನಮ್ಮ ವಿದ್ಯಾರ್ಥಿಗಳು ಕೇಳಬೇಕೆಂದು ನಮ್ಮ ಅಭಿಪ್ರಾಯ.