ತಂಬೋಲದ ಚೀಟಿಯೂ ಹಿಟ್ಟಿನ ಕೋಳಿಯೂ

ದಶಲಕ್ಷಣ ಪರ್ವದ ಸಂಜೆಯ ಕಾರ್ಯಕ್ರಮಗಳಲ್ಲಿ, ಮಹಿಳಾ ಸಮಾಜಗಳ ವಾರ್ಷಿಕೋತ್ಸವಗಳಲ್ಲಿ, ಪರ್ಯುಷಣದ ನಂತರದ ಸ್ನೇಹಕೂಟಗಳಲ್ಲಿ ತಂಬೋಲವೆಂಬ ಆಟವು ಈಚಿನ ವರ್ಷಗಳಲ್ಲಿ ತನ್ನದೇ ಆದ ಸ್ಥಾನವನ್ನು ಸಂಪಾದಿಸಿಕೊಂಡಿದೆ. ಕೆಲವರು ಇದನ್ನು ಹೌಸಿ ಎನ್ನುತ್ತಾರೆ. ಸಾಲದುದಕ್ಕೆ ಇದರ ‘ಧಾರ್ಮಿಕ’ ಆವೃತ್ತಿಯೊಂದು ಸಹ ಬಳಕೆಗೆ ಬಂದಿದ್ದು, ಅದರ ಚೀಟಿಯಲ್ಲಿ ಅಂಕಿಗಳ ಬದಲು ತೀರ್ಥಂಕರರ ನಾಮಗಳೂ ಲಾಂಛನಗಳೂ ಅಚ್ಚಾಗಿರುತ್ತವೆ. ಆಟವೆಂದರೆ ಆಟ, ಅದರಲ್ಲಿ ವಿಮರ್ಶಿಸುವುದೇನಿದೆ ಎಂದು ಸಾಧರ್ಮಿ ಬಂಧುಗಳು ಕೇಳಬಹುದು. ಬಸದಿಯ ಸಭಾಭವನದೊಳಗೆ ಚೀಟಿ ಮಾರಿ ಹಣ ಎಣಿಸುವವರೆಗೆ ಬಂದಿರುವ ಆಟವು ಪರೀಕ್ಷೆಗೆ ಒಳಗಾಗಲೇಬೇಕು ಎಂಬುದು ಈ ಲೇಖಕನ ಅಭಿಪ್ರಾಯ.

ಮೊದಲು ಆಟದ ರಚನೆಯನ್ನು ನೋಡೋಣ. ಇಟಲಿಯಲ್ಲಿ ಹುಟ್ಟಿದ ಈ ಆಟವು ಬ್ರಿಟಿಷರ ಸೇನೆಯಲ್ಲಿ ‘ಹೌಸ್’ ಎಂದೂ ನೌಕಾಪಡೆಯಲ್ಲಿ ‘ಟೊಂಬೋಲ’ ಎಂದೂ ಹೆಸರು ಪಡೆಯಿತು. ನಮ್ಮಲ್ಲಿ ಉಳಿದಿರುವ ಎರಡು ಹೆಸರುಗಳಿಗೂ ಮೂಲ ಅಲ್ಲಿಯದೇ. ಬ್ರಿಟನ್ನಿನಲ್ಲಿ 1960ರ ಕಾಯಿದೆಯು ದಾರಿ ಮಾಡಿಕೊಟ್ಟ ಮೇಲೆ ಬಿಂಗೊ ಎಂಬ ಹೆಸರಿನಲ್ಲಿ ಇದು ದೊಡ್ಡ ವ್ಯಾಪಾರವೇ ಆಯಿತು. ಚೀಟಿಯಲ್ಲಿ ಅಡ್ಡಲಾಗಿ ಮೂರು ಸಾಲು, ಉದ್ದಕ್ಕೆ ಒಂಬತ್ತು ಕಂಬ, ಒಟ್ಟು 27 ಮನೆಗಳು. ಪ್ರತಿ ಸಾಲಿನಲ್ಲೂ ಐದರಂತೆ 15 ಮನೆಗಳಲ್ಲಿ ಅಂಕಿಗಳಿರುತ್ತವೆ, ಉಳಿದ 12 ಖಾಲಿ. ಮೊದಲ ಕಂಬದಲ್ಲಿ 1ರಿಂದ 9, ಎರಡನೆಯದರಲ್ಲಿ 10ರಿಂದ 19, ಹೀಗೆ ಸಾಗಿ ಕಡೆಯ ಕಂಬದಲ್ಲಿ 80ರಿಂದ 90. ಬ್ರಿಟಿಷ್ ಪದ್ಧತಿಯಲ್ಲಿ ಆರು ಚೀಟಿಗಳನ್ನು ಒಂದು ಪಟ್ಟಿಯಾಗಿ ಅಚ್ಚು ಹಾಕುತ್ತಾರೆ. ಆರು ಹದಿನೈದಲೆ ತೊಂಬತ್ತು, ಆದುದರಿಂದ 1ರಿಂದ 90ರವರೆಗಿನ ಪ್ರತಿಯೊಂದು ಅಂಕಿಯೂ ಒಂದು ಪಟ್ಟಿಯಲ್ಲಿ ಒಂದೇ ಬಾರಿ ಬರುತ್ತದೆ. ಚೀಲದಿಂದ ಒಂದೊಂದೇ ಬಿಲ್ಲೆಯನ್ನು ತೆಗೆದು ಕೂಗುವವನೊಬ್ಬ, ಕೇಳಿ ಹೊಡೆದುಹಾಕುವವರು ಉಳಿದವರು. ಅವರಲ್ಲಿ ಒಂದು ಸಾಲು, ಎರಡು ಸಾಲು, ಕೊನೆಗೆ ಪೂರ್ಣ ಮನೆ ಎಂದು ಮೂರು ಬಹುಮಾನಗಳಿದ್ದರೆ, ನಮ್ಮವರು ಮೊದಲ ಐದು, ನಾಲ್ಕು ಮೂಲೆ ಎಂಬಿವನ್ನೂ ಸೇರಿಸಿಕೊಂಡು ಬಹುಮಾನಗಳನ್ನು ಹೆಚ್ಚಿಸಿದ್ದಾರೆ.

ಲೆಕ್ಕದ ದೃಷ್ಟಿಯಿಂದ ಇದು ಅಚ್ಚುಕಟ್ಟಾದ ರಚನೆ ಎಂಬುದನ್ನು ಒಪ್ಪಲೇಬೇಕು. ಆರು ವರ್ಷದ ಮೊಮ್ಮಗುವೂ ಎಂಬತ್ತು ವರ್ಷದ ಅಜ್ಜಿಯೂ ಸಮಾನವಾಗಿ ಕುಳಿತು ಆಡಬಹುದಾದ ಆಟಗಳು ಹೆಚ್ಚಿಲ್ಲ. ಚೌಕಾಬಾರದಲ್ಲಿ ಕಾಯಿ ನಡೆಸುವ ಜಾಣತನ ಬೇಕು, ಅಳಗುಳಿಮಣೆಯಲ್ಲಿ ಎಣಿಕೆಯ ಮುಂದಾಲೋಚನೆ ಬೇಕು. ತಂಬೋಲದಲ್ಲಿ ಕಿವಿಗೊಟ್ಟು ಕೂತರೆ ಸಾಕು. ಈ ಆಟದ ಗುಣವೂ ದೋಷವೂ ಇರುವುದು ಇಲ್ಲಿಯೇ. ಆಡುವವನು ಆಟದುದ್ದಕ್ಕೂ ಒಂದೇ ಒಂದು ನಿರ್ಣಯವನ್ನೂ ಕೈಗೊಳ್ಳುವುದಿಲ್ಲ. ಬಿಲ್ಲೆ ಯಾವುದು ಬರುವುದೋ ಅದೇ ಸರ್ವಸ್ವ. ಗೆಲುವು ಗಣನೀಯವಾಗಿ ಕೌಶಲವನ್ನು ಅವಲಂಬಿಸದ ಸ್ಪರ್ಧೆಗಳು ಜೂಜಿನ ಸ್ವರೂಪದವು ಎಂದು ಸರ್ವೋಚ್ಚ ನ್ಯಾಯಾಲಯವು ಚಾಮರ್‌ಬಾಗ್‌ವಾಲಾ ಪ್ರಕರಣದಲ್ಲಿ 1957ರಲ್ಲಿಯೇ ವಿವೇಚಿಸಿದೆ. ಆ ಒರೆಗಲ್ಲಿಗೆ ತಿಕ್ಕಿದರೆ, ಹಣ ಕಟ್ಟಿ ಆಡುವ ತಂಬೋಲದಲ್ಲಿ ಕೌಶಲದ ಒಂದು ಗುಲಗಂಜಿಯೂ ಸಿಕ್ಕುವುದಿಲ್ಲ.

ಹಣ ಕಟ್ಟದೆ ಆಡಿದರೆ? ಆಗ ಅದು ಮಕ್ಕಳಿಗೆ ಅಂಕಿ ಕಲಿಸುವ ನಿರುಪದ್ರವಿ ಕಾಲಕ್ಷೇಪ. ನಮ್ಮ ಆಕ್ಷೇಪವೇನಿದ್ದರೂ ಚೀಟಿಯ ಬೆಲೆಯನ್ನು ಕುರಿತದ್ದು.

ಶ್ರಾವಕಾಚಾರ ಗ್ರಂಥಗಳು ಸಪ್ತವ್ಯಸನಗಳನ್ನು ಹೇಳುವಾಗ ಮೊದಲು ಎತ್ತಿಕೊಳ್ಳುವುದು ದ್ಯೂತವನ್ನು. ಮಾಂಸ, ಮದ್ಯಗಳು ಆಮೇಲೆ ಬರುತ್ತವೆ. ಈ ವ್ಯಸನಕ್ಕೆ ಧರ್ಮರಾಯನನ್ನೇ ದೃಷ್ಟಾಂತವಾಗಿ ಕೊಡುವ ಪರಂಪರೆಯನ್ನು ನಾವೆಲ್ಲ ಬಲ್ಲೆವು. ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ದ್ಯೂತವನ್ನು ಅನರ್ಥಗಳಲ್ಲೆಲ್ಲ ಮೊದಲನೆಯದೆಂದು ಎಣಿಸಿ, ದೂರದಿಂದಲೇ ಬಿಡತಕ್ಕದ್ದೆಂದಿದ್ದಾರೆ. ಗಮನಿಸಬೇಕಾದ ಅಂಶವೆಂದರೆ ಅವರು ಇದನ್ನು ಹೇಳಿರುವ ಸ್ಥಳ. ಅನರ್ಥದಂಡ ವಿರತಿಯ ಪ್ರಕರಣದಲ್ಲಿ, ಅಂದರೆ ಪ್ರಯೋಜನವಿಲ್ಲದೆ ಮಾಡುವ ಪಾಪಗಳ ಸಾಲಿನಲ್ಲಿ, ದ್ಯೂತವನ್ನು ಇರಿಸಿದ್ದಾರೆ. ಅದೇ ಪ್ರಕರಣದಲ್ಲಿ ಜಯ-ಪರಾಜಯಗಳ ಚಿಂತನೆಯನ್ನು ಅಪಧ್ಯಾನದೊಳಗೆ ಸೇರಿಸಿದ್ದಾರೆ. ತಂಬೋಲದಲ್ಲಿ ಒಂದೇ ಅಂಕಿಗಾಗಿ ಕಾಯುತ್ತಿರುವವರ ಮುಖವನ್ನು ನೋಡಿದವರಿಗೆ ಅಪಧ್ಯಾನಕ್ಕೆ ಬೇರೆ ವ್ಯಾಖ್ಯಾನ ಬೇಕಾಗಲಾರದು. ತನ್ನ ಅಂಕಿ ಬರಲಿ ಎಂಬ ಆಸೆಯ ಬೆನ್ನಿಗೇ ಪಕ್ಕದವಳ ಅಂಕಿ ಬಾರದಿರಲಿ ಎಂಬ ಹಾರೈಕೆಯೂ ಇರುತ್ತದೆ.

ಇದಕ್ಕೆ ಬರುವ ಉತ್ತರ ಒಂದೇ ತೆರನಾದುದು: “ಹತ್ತು ರೂಪಾಯಿನ ಚೀಟಿ ಸ್ವಾಮಿ, ಇದನ್ನೂ ಜೂಜು ಎನ್ನುವುದೇ?” ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯನ್ನು ಮನೆಯಲ್ಲಿ ಓದಿಸಿ ಕೇಳಿದ ಸಮಾಜದಿಂದ ಈ ಪ್ರಶ್ನೆ ಬರಬಾರದಿತ್ತು. ಯಶೋಧರ ಮಹಾರಾಜನು ಬಲಿಗೊಟ್ಟದ್ದು ಜೀವವಿದ್ದ ಕೋಳಿಯನ್ನಲ್ಲ, ಹಿಟ್ಟಿನ ಕೋಳಿಯನ್ನು. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಕಟ್ಟುಬಿದ್ದು, ಹಿಂಸೆಯೂ ಆಗದಿರಲಿ, ತಾಯಿಯ ಮಾತೂ ಉಳಿಯಲಿ ಎಂದು ಕಂಡುಕೊಂಡ ಉಪಾಯವದು. ಆದರೂ ಸಂಕಲ್ಪಹಿಂಸೆಯ ಫಲವಾಗಿ ತಾಯಿಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ತೊಳಲಿದರು. ದ್ರವ್ಯದ ಪ್ರಮಾಣ ಎಷ್ಟೆಂದು ಕೇಳದೆ ಭಾವದ ದಿಕ್ಕು ಯಾವುದೆಂದು ಕೇಳುವ ಕಾವ್ಯವಿದು. ಹತ್ತು ರೂಪಾಯಿನ ತಂಬೋಲವು ನಮ್ಮ ಕಾಲದ ಹಿಟ್ಟಿನ ಕೋಳಿ. ಸಾವಿರ ರೂಪಾಯಿನ ಪಣದ ಇಸ್ಪೀಟಿಗೂ ಇದಕ್ಕೂ ಫಲದಲ್ಲಿ ತಾರತಮ್ಯವಿರಬಹುದು, ಜಾತಿ ಮಾತ್ರ ಒಂದೇ. ನಮ್ಮ ಸೀಮೆಯ ಹಳ್ಳಿಗಳಲ್ಲಿ ಯುಗಾದಿಯಂದು ಅರಳಿಕಟ್ಟೆಯ ಮೇಲೆ ಇಸ್ಪೀಟಾಡುವವರನ್ನು ಕಂಡು ಮೂಗು ಮುರಿಯುವ ನಾವು, ಸಭಾಭವನದ ಜಮಖಾನದ ಮೇಲೆ ಕುಳಿತಾಗ ಅದನ್ನು ಮನೋರಂಜನೆ ಎನ್ನುವುದು ನ್ಯಾಯವಲ್ಲ.

ವ್ಯಾಪಾರಸ್ಥರಾದ ಮಿತ್ರರು ಎತ್ತುವ ಇನ್ನೊಂದು ಆಕ್ಷೇಪಣೆ ಹೆಚ್ಚು ತೂಕದ್ದು. ಕಿಬ್ಬನಹಳ್ಳಿಯಲ್ಲಿ ಕುಳಿತು ತಿಪಟೂರಿನ ಹರಾಜಿನ ಧಾರಣೆಯನ್ನು ಕಾಯುವವರಿಗೆ ಈ ಪ್ರಶ್ನೆ ಸಹಜವೂ ಹೌದು. ರೈತನು ಕಾಯಿಯನ್ನು ಅಟ್ಟದ ಮೇಲೆ ಹಾಕಿ, ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುವ ತನಕ ತಿಂಗಳುಗಟ್ಟಲೆ ಕಾಯುತ್ತಾನೆ. ಸುಲಿಸುವ ದಿನದ ಧಾರಣೆ ಅವನಿಗೂ ತಿಳಿಯದು, ಕೊಳ್ಳುವ ನಮಗೂ ತಿಳಿಯದು. ಹಾಗಾದರೆ ಕೊಬ್ಬರಿ ವ್ಯಾಪಾರವೂ ಜೂಜೇ ಅಲ್ಲವೇ? ಅಲ್ಲ. ಕೊಬ್ಬರಿಯ ವ್ಯವಹಾರದಲ್ಲಿ ನಷ್ಟಭಯವು ಸರಕಿನ ಬೆನ್ನು ಹತ್ತಿ ಬರುವಂಥದು. ಸರಕನ್ನು ಬೆಳೆದವನಿದ್ದಾನೆ, ಸುಲಿದವನಿದ್ದಾನೆ, ಆರಿಸಿ ಮೂಟೆ ಕಟ್ಟಿದವರಿದ್ದಾರೆ, ಕೊನೆಗೆ ದೂರದ ಊರಿನಲ್ಲಿ ಅದನ್ನು ತಿನ್ನುವವನಿದ್ದಾನೆ. ಒಬ್ಬನ ಲಾಭಕ್ಕೆ ಉಳಿದೆಲ್ಲರ ನಷ್ಟವೇ ಬಂಡವಾಳವಾಗಬೇಕಿಲ್ಲ. ತಂಬೋಲದಲ್ಲಾದರೋ ಸರಕೇ ಇಲ್ಲ. ಇಲ್ಲದ ನಷ್ಟಭಯವನ್ನು ಚೀಟಿಯ ಮೂಲಕ ಹುಟ್ಟಿಸಿ ಮಾರಲಾಗುತ್ತದೆ, ಗೆದ್ದವನ ಕೈಗೆ ಬರುವ ಒಂದೊಂದು ರೂಪಾಯಿಯೂ ಸೋತವರ ಕಿಸೆಯಿಂದ ಬಂದದ್ದು. ಸರಕು ಮುಟ್ಟದೆ ಬರಿಯ ಧಾರಣೆಯ ಮೇಲೆ ಪಂಥ ಕಟ್ಟುವ ಸಟ್ಟಾ ವ್ಯವಹಾರವೂ ಇದೇ ಸಾಲಿಗೆ ಸೇರತಕ್ಕದ್ದು. ಇದನ್ನು ಹೇಳಿದರೆ ಕೆಲವು ಮಿತ್ರರಿಗೆ ರುಚಿಸಲಾರದು.

ಇನ್ನು ಟ್ರಸ್ಟುಗಳ ಧರ್ಮದರ್ಶಿಗಳ ವಾದ. ಮಿಕ್ಕ ಹಣ ಆಹಾರದಾನದ ನಿಧಿಗೋ ಜೀರ್ಣೋದ್ಧಾರಕ್ಕೋ ಸಲ್ಲುತ್ತದೆ ಎನ್ನುತ್ತಾರೆ. ಲೆಕ್ಕಕ್ಕಾಗಿ ಐವತ್ತು ಚೀಟಿ, ತಲಾ ಇಪ್ಪತ್ತು ರೂಪಾಯಿ ಎಂದಿಟ್ಟುಕೊಳ್ಳೋಣ. ಬಂದದ್ದು ಸಾವಿರ. ಬಹುಮಾನಕ್ಕೆ ಏಳುನೂರು ಹೋದರೆ ನಿಧಿಗೆ ಸೇರಿದ್ದು ಮುನ್ನೂರು. ಈ ಮುನ್ನೂರನ್ನು ಜಮಾ-ಖರ್ಚಿನ ಪುಸ್ತಕದಲ್ಲಿ ಯಾವ ತಲೆಬರಹದ ಕೆಳಗೆ ಬರೆಯುವುದು? ದಾನವೆಂದು ಬರೆಯುವಂತಿಲ್ಲ, ಕೊಟ್ಟವನು ಬಹುಮಾನದ ಆಸೆಯಿಂದ ಕೊಟ್ಟಿದ್ದಾನೆ. ಫಲಾಪೇಕ್ಷೆಯಿಂದ ಕೊಟ್ಟದ್ದು ದಾನದ ಲಕ್ಷಣಕ್ಕೆ ಒಳಪಡುವುದಿಲ್ಲ. ವ್ಯಾಪಾರವೆನ್ನೋಣವೆಂದರೆ ಸರಕಿಲ್ಲ. ಕರ್ನಾಟಕ ಸರ್ಕಾರವು ಲಾಟರಿಯಿಂದ ಬರುತ್ತಿದ್ದ ವರಮಾನವನ್ನು 2007ರಲ್ಲಿ ಬಿಟ್ಟುಕೊಟ್ಟಿತು. ಸರ್ಕಾರವೇ ಬೇಡವೆಂದು ಬಿಟ್ಟ ಬಗೆಯ ಹಣಕ್ಕೆ ಜಿನಮಂದಿರದ ಹುಂಡಿಯು ಬಾಯಿ ತೆರೆಯಬೇಕೆ?

‘ಧಾರ್ಮಿಕ ತಂಬೋಲ’ದ ಕರ್ತೃಗಳ ಉದ್ದೇಶ ಒಳ್ಳೆಯದೆಂಬುದರಲ್ಲಿ ಸಂದೇಹವಿಲ್ಲ. “ಸಿಂಹಲಾಂಛನ” ಎಂದು ಕೂಗಿದಾಗ ವರ್ಧಮಾನಸ್ವಾಮಿಯ ಹೆಸರನ್ನು ಹುಡುಕುವ ಮಗು ಲಾಂಛನಗಳನ್ನು ಬೇಗ ಕಲಿಯುತ್ತದೆ. ಈ ಗುಣವನ್ನು ಅಲ್ಲಗಳೆಯಲಾಗದು. ಆದರೆ ಕಲಿಯುವುದು ಅದೊಂದನ್ನೇ ಅಲ್ಲ. ನಿಟ್ಟೂರಿನ ಬಸದಿಯಲ್ಲಿ ಶಾಂತಿನಾಥಸ್ವಾಮಿಯ ದರ್ಶನ ಮಾಡಿ, ಮಂದಾರಗಿರಿಯನ್ನು ಹತ್ತಿ ಚಂದ್ರನಾಥನಿಗೆ ಅರ್ಘ್ಯವೆತ್ತಿ ಬಂದ ಬಾಲಕನು, ಅದೇ ಸಂಜೆ “ಶಾಂತಿನಾಥ ಬಂದರೆ ಗೆದ್ದೆ, ಚಂದ್ರನಾಥ ಬಂದರೆ ಸೋತೆ” ಎಂದು ಲೆಕ್ಕ ಹಾಕುವಂತಾದರೆ, ವೀತರಾಗನಿಗೆ ರಾಗ-ದ್ವೇಷಗಳನ್ನು ಅಂಟಿಸಿದವರು ನಾವೇ ಆಗುವುದಿಲ್ಲವೇ? ಯಾರಿಗೂ ಏನನ್ನೂ ಕೊಡದ, ಯಾರಿಂದಲೂ ಏನನ್ನೂ ಕಸಿಯದ ಜಿನನ ನಾಮವು ಅದೃಷ್ಟದ ಬಿಲ್ಲೆಯಾಗುವುದು ಸಿದ್ಧಾಂತಕ್ಕೇ ವಿರುದ್ಧ. ಆಟ ಮುಗಿದ ಮೇಲೆ ಆ ಚೀಟಿಗಳ ಗತಿಯನ್ನೂ ನೋಡಬೇಕು. ಗೀಟು ಹೊಡೆಸಿಕೊಂಡ, ಮಡಿಚಿ ಮುದುರಿದ ಇಪ್ಪತ್ನಾಲ್ಕು ನಾಮಗಳು ಉಪಾಹಾರದ ಎಲೆಗಳೊಂದಿಗೆ ಕಸಬರಿಕೆಯ ಮುಂದೆ ಹೊರಳುತ್ತವೆ. ಅಕ್ಷರವಿದ್ದ ಕಾಗದ ಕಾಲಿಗೆ ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಮನೆಗಳವರು ನಾವು. ಅಂಕಿಗಳ ತಂಬೋಲದಲ್ಲಿ ಈ ಅವಿನಯವಾದರೂ ಇರಲಿಲ್ಲ. ಆದಕಾರಣ ಎರಡರಲ್ಲಿ ಧಾರ್ಮಿಕವೆನ್ನಿಸಿಕೊಂಡದ್ದೇ ಹೆಚ್ಚು ಆಕ್ಷೇಪಾರ್ಹವೆಂಬುದು ನಮ್ಮ ತೀರ್ಮಾನ.

ಆಟ ಇಡದಿದ್ದರೆ ಯುವಕರ ಕುಟುಂಬಗಳು ಸಂಜೆಯ ಸಭೆಗೆ ಬರುವುದೇ ಇಲ್ಲ ಎಂಬ ಮಾತು ಉಳಿಯುತ್ತದೆ. ಇದು ಸುಳ್ಳಲ್ಲ. ಖಾಲಿ ಕುರ್ಚಿಗಳ ಮುಂದೆ ಪ್ರವಚನ ಮಾಡಿಸುವ ಸಂಕಟವನ್ನು ಅನುಭವಿಸಿದ ಧರ್ಮದರ್ಶಿಗಳನ್ನು ಹೀಗಳೆಯುವುದು ಸುಲಭ, ಸರಿಯಲ್ಲ. ಅವರಿಗೆ ನಮ್ಮ ಸೂಚನೆ ಇಷ್ಟೇ: ಆಟವನ್ನು ಬಸದಿಯ ಆವರಣದಿಂದ ಮನೆಯ ಪಡಸಾಲೆಗೆ ಕಳುಹಿಸಿ, ಚೀಟಿಯ ಬೆಲೆಯನ್ನು ತೆಗೆದುಹಾಕಿ, ಬಿಲ್ಲೆ ಕೂಗುವ ಕ್ರಮವನ್ನು ಬದಲಿಸಿ.

ಬ್ರಿಟಿಷ್ ಆಟದ ನಿಜವಾದ ಸ್ವಾರಸ್ಯವಿರುವುದು ಕೂಗಿನಲ್ಲಿ. ಅಲ್ಲಿ ಅಂಕಿಯನ್ನು ಬರಿದೆ ಹೇಳದೆ, ಅದಕ್ಕೊಂದು ಅಡ್ಡಹೆಸರು ಕೊಟ್ಟು ಕೂಗುತ್ತಾರೆ. 22 ಎಂದರೆ ಎರಡು ಬಾತುಮರಿಗಳು, 11 ಎಂದರೆ ಒಂದು ಜೊತೆ ಕಾಲುಗಳು. 88ಕ್ಕೆ ಅವರು ಹೇಳುವುದು ಇಬ್ಬರು ದಪ್ಪ ಹೆಂಗಸರೆಂದು! ನಮ್ಮ ಶ್ರಾವಿಕೆಯರ ಕೂಟಗಳಲ್ಲಿಯೂ ಇದನ್ನು ಹಾಗೆಯೇ ಕೂಗಿ ನಗುವುದುಂಟು. ಪರರ ಶರೀರವನ್ನು ಹಾಸ್ಯ ಮಾಡುವ ಈ ಮಾತು ನಮಗೆ ತಕ್ಕುದಲ್ಲ, ಮೇಲಾಗಿ ಎರವಲಿನದು. ನಮ್ಮ ಶಾಸ್ತ್ರಗಳಾದರೋ ಸಂಖ್ಯೆಗಳ ಭಂಡಾರ. 5 ಬಂದರೆ ಪರಮೇಷ್ಠಿಗಳು, 7 ಬಂದರೆ ತತ್ತ್ವಗಳು, 8ಕ್ಕೆ ಕರ್ಮಗಳು, 10ಕ್ಕೆ ಧರ್ಮಗಳು, 11ಕ್ಕೆ ಶ್ರಾವಕನ ಪ್ರತಿಮೆಗಳು, 12ಕ್ಕೆ ಅನುಪ್ರೇಕ್ಷೆಗಳು, 14ಕ್ಕೆ ಗುಣಸ್ಥಾನಗಳು, 16ಕ್ಕೆ ಷೋಡಶಭಾವನೆಗಳು, 22ಕ್ಕೆ ಪರೀಷಹಗಳು, 63ಕ್ಕೆ ಶಲಾಕಾಪುರುಷರು, 72ಕ್ಕೆ ಮಹಾವೀರಸ್ವಾಮಿಯ ಆಯುಸ್ಸಿನ ವರ್ಷಗಳು. ಸಾಧುವಿನ ಗುಣಗಳು ದಿಗಂಬರರ ಎಣಿಕೆಯಲ್ಲಿ 28, ಶ್ವೇತಾಂಬರರ ಎಣಿಕೆಯಲ್ಲಿ 27. ಎರಡೂ ಸಂಪ್ರದಾಯದ ಮಕ್ಕಳು ಒಂದೇ ಜಗಲಿಯ ಮೇಲೆ ಆಡುವಾಗ ಈ ಎರಡು ಬಿಲ್ಲೆಗಳಿಂದ ಒಳ್ಳೆಯ ಚರ್ಚೆಯೇ ಹುಟ್ಟಬಹುದು. 45 ಬಂದರೆ ಮೂರ್ತಿಪೂಜಕ ಶ್ವೇತಾಂಬರರ ಆಗಮಗಳು, 32 ಬಂದರೆ ಸ್ಥಾನಕವಾಸಿಗಳ ಆಗಮಗಳು. ಕೂಗುವವನು “ಶ್ರಾವಕನ ಪ್ರತಿಮೆಗಳು ಎಷ್ಟು?” ಎಂದಷ್ಟೇ ಕೇಳಲಿ, ಮಕ್ಕಳು 11 ಎಂದು ತಾವೇ ಹೇಳಿ, ಚೀಟಿಯಲ್ಲಿ ಆ ಮನೆಯ ಮೇಲೆ ಹುಣಸೆಬೀಜವಿಡಲಿ. ಚೀಟಿಯಲ್ಲಿರುವುದು ಬರಿಯ ಅಂಕಿ, ನಾಮವಿರುವುದು ಬಾಯಲ್ಲಿ. ಅವಿನಯದ ಭಯವಿಲ್ಲ, ಚೀಟಿಯೂ ಮತ್ತೆ ಮತ್ತೆ ಉಪಯೋಗಕ್ಕೆ ಬರುತ್ತದೆ.

ಬಹುಮಾನ ಬೇಕೇಬೇಕೆಂದರೆ ಮನೆಯ ಹಿರಿಯರು ತಮ್ಮ ಕೈಯಿಂದ ಕೊಡಲಿ, ಆಡಿದ ಮಕ್ಕಳೆಲ್ಲರಿಗೂ ಕೊಡಲಿ. ಸೂರ್ಯಾಸ್ತದೊಳಗೆ ಆಟ ಮುಗಿದರೆ ಅದು ತಿನ್ನುವ ವಸ್ತುವೇ ಆಗಬಹುದು. ಶಾಸ್ತ್ರದಲ್ಲಿ ಎಣಿಕೆ ಸಿಕ್ಕದ ಅಂಕಿಗಳಿಗೆ ಕೂಗು ಕಟ್ಟುವ ಕೆಲಸವನ್ನು ಮಕ್ಕಳಿಗೇ ಬಿಡುವುದು ಲೇಸು. ನಾವು 3ಕ್ಕೆ ರತ್ನತ್ರಯವೆಂದು ಬರೆದುಕೊಟ್ಟರೂ, ನಮ್ಮ ತೆಂಗಿನ ಸೀಮೆಯ ಹುಡುಗರು ಕಾಯಿಯ ಕಣ್ಣುಗಳೆಂದು ಕೂಗದೆ ಬಿಡಲಾರರು.